ನತ್ಸುಮೆಯೋ, ಮುಶಿಶಿಯೋ: ಯಾವುದನ್ನು ಮೊದಲು ನೋಡಬೇಕು?

ಜಪಾನಿನ ಹಳ್ಳಿಗಾಡಿನ ನೆನಪನ್ನೂ ಮೃದುವಾದ ಅಲೌಕಿಕತೆಯನ್ನೂ ಅನಿಮೆಯಲ್ಲಿ (ಜಪಾನಿ ಅನಿಮೇಷನ್‌ನಲ್ಲಿ) ಅರಸುವವರು ‘ನತ್ಸುಮೆ ಯೂಜಿನ್‌ಚೋ’ (2008) ಮತ್ತು ‘ಮುಶಿಶಿ’ (2005) ಸರಣಿಗಳ ನಡುವೆ ಆಯ್ದುಕೊಳ್ಳಬೇಕಾಗುತ್ತದೆ. ನತ್ಸುಮೆಯ ಊರಿಗೆ ಕ್ಯೂಶೂ ದ್ವೀಪದ ಹಿತೊಯೋಶಿ ಪರಿಸರವೇ ಮಾದರಿ. ಗದ್ದೆಯಂಚಿನ ರಸ್ತೆ, ಪಾಚಿಗಟ್ಟಿದ ಪುಟ್ಟ ಗುಡಿ, ಜೀರುಂಡೆಗಳ ಸದ್ದು ತುಂಬಿದ ಬೇಸಿಗೆಯ ನಡುವೆ, ಅಜ್ಜಿ ರೇಕೊ ಪುಸ್ತಕದಲ್ಲಿ ಕಟ್ಟಿಹಾಕಿದ್ದ ಯೋಕಾಯ್‌ಗಳ (ಜಪಾನಿ ಜನಪದದ ಅಲೌಕಿಕ ಜೀವಿಗಳ) ಹೆಸರುಗಳನ್ನು ಅನಾಥ ಹುಡುಗ ನತ್ಸುಮೆ ಒಂದೊಂದಾಗಿ ಹಿಂದಿರುಗಿಸುತ್ತ ಹೋದಂತೆ, ಆ ಹಳ್ಳಿಯು ನಿಧಾನವಾಗಿ ಅವನ ಮನೆಯಾಗುತ್ತದೆ. ಮುಶಿಶಿಯ ನಾಯಕ ಗಿಂಕೊ ಎಲ್ಲಿಯೂ ನೆಲೆಯೂರಲಾರದ ಅಲೆಮಾರಿ. ಜಪಾನಿನ ಎಡೊ ಮತ್ತು ಮೇಜಿ ಯುಗಗಳ ನಡುವಿನ (19ನೇ ಶತಮಾನದ) ಕಲ್ಪಿತ ಕಾಲದ ಆ ಕಾಡು, ಹಿಮಗಳಲ್ಲಿ ಸೌಂದರ್ಯದಷ್ಟೇ ಸಾವೂ ಇದೆ. ಸಾಂತ್ವನ ಬೇಕಾದವರು ನತ್ಸುಮೆಯನ್ನೇ ಆರಿಸಿಕೊಳ್ಳಲಿ. ಬೆಕ್ಕಿನ ರೂಪದ ಯೋಕಾಯ್ ನ್ಯಾಂಕೊ ಸೆನ್ಸೆಯ ಹೊಟ್ಟೆಬಾಕತನವೊಂದೇ ಅದಕ್ಕೆ ಸಾಕಷ್ಟು ಕಾರಣ. ಮೌನವನ್ನು ಸಹಿಸಬಲ್ಲವರಿಗೆ ಮುಶಿಶಿಯ ಮೊದಲ 26 ಕಂತುಗಳು ಇನ್ನೂ ಆಳವಾಗಿ ತಾಗುತ್ತವೆ ಎಂಬುದು ನನ್ನ ಅಭಿಪ್ರಾಯ.