ರಾತ್ರಿ ಕಳೆಯೋದ್ರೊಳಗೆ ಬ್ಯಾಟರಿ ಡೌನ್: ಮೂರು ಥರ ಹುಡುಕಿ ನೋಡ್ದೆ, ಗೆದ್ದಿದ್ದು 350 ರೂಪಾಯಿ ಮೀಟರ್

ಮೊದ್ಲೇ ಹೇಳ್ಬಿಡ್ತೀನಿ, ನಿಲ್ಲಿಸಿದ ಕಾರಿನ ಬ್ಯಾಟರಿನ ಯಾವುದು ಖಾಲಿ ಮಾಡ್ತಿದೆ ಅಂತ ಹುಡುಕೋಕೆ ಫ್ಯೂಸ್ ಕೀಳದೇನೇ ಅದರ ತಲೆ ಮೇಲೆ ಮಿಲಿವೋಲ್ಟ್ ನೋಡ್ತಾರಲ್ಲ, ನನ್ನ ಓಟು ಅದಕ್ಕೇ. ಅದು ಗೊತ್ತಾಗೋ ಮುಂಚೆ ಹೊಸ ಬ್ಯಾಟರಿಗೆ 4,600 ಸುರಿದಾಗಿತ್ತು, ಆ ಹೊಟ್ಟೆಉರಿಗೇ ಇದನ್ನ ಬರೀತಿರೋದು.

ನಂದು ಹಳೇ ಪೆಟ್ರೋಲ್ ಕಾರು, 35 ಎಎಚ್ (ಆಂಪ್-ಅವರ್, ಅಂದ್ರೆ ಎಷ್ಟು ಆಂಪ್ ಎಷ್ಟು ಗಂಟೆ ಕೊಡತ್ತೆ ಅನ್ನೋ ಲೆಕ್ಕ) ಬ್ಯಾಟರಿ. ವರ್ಕ್ ಫ್ರಮ್ ಹೋಮ್ ಆದ್ಮೇಲೆ ವಾರಕ್ಕೆ ಎರಡು ಸಲ ಆಚೆ ತೆಗೆದ್ರೆ ಹೆಚ್ಚು, ಅದೂ ಮಾರ್ಕೆಟ್‌ವರೆಗೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಕೀ ತಿರುಗಿಸಿದ್ರೆ ಬರೀ ಟಕ್ ಟಕ್ ಟಕ್. ಪಕ್ಕದ ಮನೆ ಅಂಕಲ್ ಜಂಪರ್ ಕೇಬಲ್ ಹಿಡ್ಕೊಂಡು ಎರಡು ಸಲ ನಗ್ತಾ ಬಂದ್ರು, ಮೂರನೇ ಸಲ ನಗ್ಲಿಲ್ಲ. ಬ್ಯಾಟರಿ ಅಂಗಡಿಯವ್ರು "ನಾಲ್ಕು ವರ್ಷ ಆಗಿದೆ ಸಾರ್, ಹೋಗಿದೆ ಇದು" ಅಂದ್ರು, ಹಳೇದನ್ನ ಎಕ್ಸ್‌ಚೇಂಜ್ ಕೊಟ್ಟು ಹೊಸದು ಹಾಕಿಸ್ದೆ. ಹೊಸದು ಒಂದು ರಾತ್ರಿ ತಡೀತು. ಎರಡನೇ ರಾತ್ರಿ ಕಳೆದು ನೋಡಿದ್ರೆ 11.6 ವೋಲ್ಟ್, ಚಾರ್ಜ್ ತುಂಬಿರೋ ಬ್ಯಾಟರಿ ಸುಮ್ನೆ ನಿಂತಾಗ 12.6 ಹತ್ರ ಇರ್ಬೇಕು. ಎಂಜಿನ್ ಓಡ್ತಿರುವಾಗ 14.2 ಬರ್ತಿತ್ತು, ಅಲ್ಲಿಗೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಮೇಲಿನ ಅನುಮಾನ ಮುಗೀತು. ಯಾವನೋ ಒಬ್ಬ ಕಳ್ಳ ನಾನು ಮಲಗಿದ್ಮೇಲೂ ಬ್ಯಾಟರಿ ಕರೆಂಟ್ ಕುಡೀತಾ ಕೂತಿದಾನೆ.

ಎಲ್ಲರೂ ಮೊದ್ಲು ಹೇಳೋದು ಮೀಟರನ್ನ ಸೀರೀಸ್‌ನಲ್ಲಿ, ಅಂದ್ರೆ ಕರೆಂಟ್ ಅದರ ಮೂಲಕನೇ ಹರಿಯೋ ಹಂಗೆ, ಹಾಕು ಅಂತ. ಬ್ಯಾಟರಿಯ ಮೈನಸ್ ವೈರಿನ ಕ್ಲ್ಯಾಂಪ್ ಬಿಚ್ಚಿ, ಮೀಟರ್ 10 ಆಂಪ್ ಸಾಕೆಟ್‌ಗೆ ವೈರ್ ಹಾಕಿ, ಕ್ಲ್ಯಾಂಪಿಗೂ ಬ್ಯಾಟರಿಗೂ ಮಧ್ಯ ಸೇರಿಸ್ಬೇಕು. ಬೆಂಗಳೂರಿನ ಎಸ್‌ಪಿ ರೋಡಲ್ಲಿ 350ಕ್ಕೆ ತಂದ ಮೀಟರ್ ಇತ್ತು, ಹಾಕ್ದೆ. ಅರ್ಧ ಗಂಟೆ ಕಾದೆ, ಕಾರಿನೊಳಗಿನ ಕಂಪ್ಯೂಟರ್‌ಗಳೆಲ್ಲ ನಿದ್ದೆಗೆ ಜಾರೋಕೆ ಅಷ್ಟು ಟೈಮ್ ಕೊಡ್ಬೇಕು. 0.02 ಆಂಪ್, ಅಂದ್ರೆ ಸುಮಾರು 20 ಮಿಲಿಆಂಪ್ ತೋರಿಸ್ತು. 50ರ ಒಳಗಿದ್ರೆ ತಲೆ ಕೆಡಿಸ್ಕೋಬೇಕಾಗಿಲ್ಲ, ಅಂದ್ರೆ ಕಾರು ಕ್ಲೀನ್! ಖುಷಿಯಾಗಿ ಬ್ಯಾಟರಿ ಚಾರ್ಜ್ ಮಾಡಿ, ತರಕಾರಿ ತಂದು, ನಿಲ್ಲಿಸ್ದೆ. ಎರಡು ದಿನ ಬಿಟ್ಟು ನೋಡಿದ್ರೆ ಮತ್ತೆ ಟಕ್ ಟಕ್.

ಇನ್ನೆರಡು ಸಲ ಹಂಗೇ ಮಾಡ್ದೆ, ಎರಡು ಸಲಾನೂ 20, ಎರಡು ಸಲಾನೂ ಆಮೇಲೆ ಡೌನ್, ಹೊಸ ಬ್ಯಾಟರಿನೇ ಡೂಪ್ಲಿಕೇಟ್ ಅಂತ ಅಂಗಡಿಗೆ ಹೋಗಿ ಜಗಳ ಆಡೋಕೂ ರೆಡಿಯಾಗಿದ್ದೆ. ಆಮೇಲೆ ಹೊಳೀತು. ಕ್ಲ್ಯಾಂಪ್ ಬಿಚ್ಚಿದ ಕ್ಷಣಕ್ಕೇ ಕಳ್ಳನ ಕರೆಂಟೂ ಹೋಗತ್ತೆ. ಮೀಟರ್ ಮೂಲಕ ವಾಪಸ್ ಕೊಟ್ಟಾಗ ಕೀ ಆಫ್ ಇರತ್ತೆ, ಹಾಗಾಗಿ ಅವನು ಏಳೋದೇ ಇಲ್ಲ. ನಾನು ಕೀ ಹಾಕಿ ಮಾರ್ಕೆಟ್‌ಗೆ ಹೋಗಿ ಬಂದ್ರೆ ಎದ್ದು ಕೂರ್ತಾನೆ. ಹಿಡಿಯೋಕೆ ಹೋದಾಗ ನಾನೇ ಅವನನ್ನ ಜೋಗುಳ ಹಾಡಿ ಮಲಗಿಸ್ತಿದ್ದೆ! ಕ್ಲ್ಯಾಂಪ್ ಬಿಚ್ಚೋ ಮುಂಚೆನೇ ಮೀಟರ್ ಕಚ್ಚಿಸಿಟ್ಕೊಂಡ್ರೆ ಕರೆಂಟ್ ಕಟ್ ಆಗಲ್ಲ, ನಿಜ. ಆದ್ರೆ ಪ್ರೋಬ್ ಒಂದ್ಸಲ ಜಾರಿದ್ರೆ ಮತ್ತೆ ಮೊದಲಿಂದ. ನನ್ನ ಕೈಲಿ ಮೂರು ಸಲ ಜಾರ್ತು.

ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಕಚ್ಚಿಸಿ ಕರೆಂಟ್ ಅಳೆಯೋದು) ಕಥೆ ಸಣ್ಣದು. ಅಪಾರ್ಟ್‌ಮೆಂಟ್ ಎಲೆಕ್ಟ್ರಿಷಿಯನ್ ತಂದಿದ್ದು ಸೊನ್ನೆ ತೋರಿಸ್ತು, ಯಾಕಂದ್ರೆ ಅದು ಎಸಿ (ಮನೆ ಕರೆಂಟ್) ಮಾತ್ರ ಅಳೆಯೋದು, ಕಾರಿಗೆ ಡಿಸಿದು (ಬ್ಯಾಟರಿ ಕರೆಂಟ್ ಅಳೆಯೋದು) ಬೇಕು. ಫ್ರೆಂಡ್ ಹತ್ರ ಡಿಸಿದು ಸಿಕ್ತು, ಏನೂ ಬಿಚ್ಚದೆ 0.6 ಆಂಪ್ (600 ಮಿಲಿಆಂಪ್) ಹೋಗ್ತಿದೆ ಅಂತ ಹಿಡಿದು ಕೊಡ್ತು. ವಸ್ತು ಚೆನ್ನಾಗಿದೆ, ಆದ್ರೆ ಯಾವ ಲೈನಲ್ಲಿ ಅಂತ ಅದು ಹೇಳಲ್ಲ, ಮತ್ತೆ ವರ್ಷಕ್ಕೊಂದ್ಸಲ ಮುಟ್ಟೋ ಸಾಮಾನಿಗೆ ಸಾವಿರಗಟ್ಟಲೆ ನಾನಂತೂ ಹಾಕಲ್ಲ.

ಕೊನೆಗೆ ಮಿಲಿವೋಲ್ಟ್. ಫ್ಯೂಸ್ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕಿ ಇರತ್ತೆ, ಅದೇ 350ರ ಮೀಟರನ್ನ 200 ಮಿಲಿವೋಲ್ಟ್‌ಗಿಟ್ಟು ಎರಡಕ್ಕೂ ಪ್ರೋಬ್ ತಾಗಿಸೋದು. ಕರೆಂಟ್ ಹರೀದೇ ಇದ್ರೆ 0.0, ಹರೀತಿದ್ರೆ ಏನಾದ್ರೂ ನಂಬರ್ ಬರತ್ತೆ. ಬಾಗಿಲು ತೆಗೆದೇ ಇರ್ಬೇಕಾಗತ್ತಲ್ಲ, ಒಳಗಿನ ಲೈಟ್ ಉರಿಯದಂಗೆ ಚೌಕಟ್ಟಿನ ರಬ್ಬರ್ ಬಟನ್ ಒತ್ತಿ ಟೇಪ್ ಹಾಕಿದ್ದೆ. ಡ್ಯಾಶ್ ಕೆಳಗೆ ತಲೆ ತೂರಿಸಿ ಕತ್ತು ಹಿಡ್ಕೊಳ್ತು, ಅದೊಂದೇ ಕಷ್ಟ. ಹತ್ತೇ ನಿಮಿಷ, ಎಲ್ಲ ಕಡೆ ಸೊನ್ನೆ, ಆಡಿಯೋದ 15 ಆಂಪ್ ಫ್ಯೂಸಲ್ಲಿ ಮಾತ್ರ 3 ಮಿಲಿವೋಲ್ಟ್. ಆ ಸೈಜಿನ ಫ್ಯೂಸಿಗೆ ಅದು ಹೆಚ್ಚುಕಮ್ಮಿ 0.6 ಆಂಪ್. ಕ್ಲ್ಯಾಂಪ್ ಮೀಟರ್ ಹೇಳಿದ್ದಕ್ಕೆ ಸರಿಯಾಗಿ ಕೂತ್ಕೊಳ್ತು. ಎರಡು ರಾತ್ರಿ ನಡುವೆ ಒಂದು ಹಗಲು, ಹೆಚ್ಚುಕಮ್ಮಿ 40 ಗಂಟೆ ಲೆಕ್ಕ ಹಾಕಿದ್ರೆ 24 ಎಎಚ್ ಖಾಲಿ, 35ರ ಬ್ಯಾಟರಿ ಇನ್ನೇನು ಮಾಡತ್ತೆ ಪಾಪ.

ಕಳ್ಳ ಯಾರು ಅಂದ್ರೆ ಯುಗಾದಿಗೆ ಹಾಕಿಸಿದ ಆಂಡ್ರಾಯ್ಡ್ ಸ್ಟೀರಿಯೋ. ಕೀ ತೆಗೆದ್ಮೇಲೆ ಸ್ಕ್ರೀನ್ ಕಪ್ಪಾಗತ್ತೆ, ಒಳಗೆ ಎಚ್ಚರವಾಗೇ ಇರತ್ತೆ, ಮುಂದಿನ ಸಲ ತಕ್ಷಣ ಆನ್ ಆಗ್ಲಿ ಅಂತ. ಸೆಟ್ಟಿಂಗಲ್ಲಿ ಸ್ಲೀಪ್ ತೆಗೆದು, ಕೀ ಆಫ್ ಆದ ತಕ್ಷಣ ಪೂರ್ತಿ ಆಫ್ ಅಂತ ಇಟ್ಟೆ. ಫ್ಯೂಸ್ ಮೇಲೆ 0.0. ಖರ್ಚು ಸೊನ್ನೆ. ಈಗ ಹಾಡು ಬರೋಕೆ ಅರ್ಧ ನಿಮಿಷ ಕಾಯ್ಬೇಕು, ಕಾಯ್ತೀನಿ.

ಈ ಮಧ್ಯೆ ಮೈನಸ್ ಟರ್ಮಿನಲ್‌ಗೆ ಹಾಕೋ ತಿರುಪಿನ ಕಟ್ ಆಫ್ ಸ್ವಿಚ್ಚೂ 250 ಕೊಟ್ಟು ತಂದಿದ್ದೆ. ಕೆಲಸ ಮಾಡತ್ತೆ, ಆದ್ರೆ ದಿನಾ ಬಾನೆಟ್ ಎತ್ಬೇಕು, ಗಡಿಯಾರ ಪ್ರತಿ ಸಲ 12:00, ರಿಮೋಟ್ ಲಾಕ್ ಇಲ್ಲ. ನಾಲ್ಕು ದಿನಕ್ಕೆ ಸಾಕಾಯ್ತು. ಹಾಸನದಲ್ಲಿ ನಮ್ಮ ಭಾವ ಕಾರನ್ನ ತಿಂಗಳುಗಟ್ಟಲೆ ಕೊಟ್ಟಿಗೆ ಪಕ್ಕ ನಿಲ್ಲಿಸಿರ್ತಾರೆ, ಅವರಿಗೆ ಸರಿಹೋಗತ್ತೆ ಅಂತ ಕೊಟ್ಟುಬಂದೆ.