ತಾರಸಿ ತೋಟಕ್ಕೆ ಹೆಸರಘಟ್ಟದ ಬೀಜ

ಯುಗಾದಿಯ ಹೊತ್ತಿಗೆ ತಾರಸಿಯಲ್ಲಿ ತರಕಾರಿ ಬೆಳೆಯಲು ಹೊರಡುವ ಬೆಂಗಳೂರಿಗರಿಗೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ ‘ಅರ್ಕಾ’ ತಳಿಗಳ ಬೀಜಗಳನ್ನು ನಾನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ರಾತ್ರಿಯಿಡೀ ನೆನೆಸಿ ಅರ್ಧ ಅಂಗುಲ ಆಳಕ್ಕೆ ಊರಿದ ಅರ್ಕಾ ಅನಾಮಿಕಾ ಬೆಂಡೆಯ 20 ಬೀಜಗಳಲ್ಲಿ 17 ಒಂದು ವಾರದೊಳಗೆ ಮೊಳೆತವು. 50 ದಿನ ತುಂಬುವಷ್ಟರಲ್ಲಿ ಕೊಯ್ಲು ಆರಂಭವಾಯಿತು. ದಿನ ಬಿಟ್ಟು ದಿನ ಕೊಯ್ಯಲೇಬೇಕು, ಏಕೆಂದರೆ ಕಾಯಿಯನ್ನು ಗಿಡದಲ್ಲಿ ಎರಡು ದಿನ ಹೆಚ್ಚಿಗೆ ಬಿಟ್ಟರೂ ನಾರು ಬಲಿತು ಅದು ಪಲ್ಯಕ್ಕೂ ಬಾರದು, ಗೊಜ್ಜಿಗೂ ಬಾರದು.

ಎಲೆಮುರುಟು ರೋಗ, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುವಂತೆ ರೂಪಿಸಿರುವ ಅರ್ಕಾ ರಕ್ಷಕ್ ಟೊಮೆಟೊ ಕೀಟನಾಶಕದ ಗೊಡವೆಯಿಲ್ಲದೆ ಗೊಂಚಲು ಗೊಂಚಲಾಗಿ ಹಣ್ಣು ಕೊಟ್ಟಿತು. ಆದರೆ ಅದು ಸಂಕರ ತಳಿಯಾದ್ದರಿಂದ, ನಮ್ಮ ಅಜ್ಜಿಯಂದಿರು ಮಾಡುತ್ತಿದ್ದಂತೆ ಬೀಜವನ್ನು ಬೂದಿಯಲ್ಲಿ ಕಲಸಿ ಎತ್ತಿಟ್ಟು ಮರುವರ್ಷ ಬಿತ್ತಿದರೆ ಅದೇ ಗುಣವನ್ನು ನಿರೀಕ್ಷಿಸುವಂತಿಲ್ಲ; ಅನಾಮಿಕಾ ಬೆಂಡೆಗೆ ಈ ತೊಡಕಿಲ್ಲ.

ಬಡಾವಣೆಯ ಅಂಗಡಿಯೊಂದರಲ್ಲಿ ಕೊಂಡ ಗ್ರೋ ಬ್ಯಾಗುಗಳು ಮಾತ್ರ ಏಪ್ರಿಲ್ ಬಿಸಿಲಿಗೇ ಹರಿದುಹೋದವು. ಮುಂದಿನ ಸಲ ಭಾರವಾದರೂ ಮಣ್ಣಿನ ಕುಂಡಗಳನ್ನೇ ಮೇಲಕ್ಕೆ ಹೊರುತ್ತೇನೆ.