ಆರು ವರ್ಷ ಮಾಡೆಲ್ ವಿಮಾನಗಳಿಗೆ ರೆಸಿನ್ ಪಾರ್ಟ್ಸ್ ಹಾಕಿ ನೋಡಿದ ಮೇಲೆ: ಸೀಟು ತಗೊಳ್ರಿ, ಕಾಕ್‌ಪಿಟ್ ಟಬ್ ಬೇಡ

ನಾನು ಪ್ಲಾಸ್ಟಿಕ್ ಕಿಟ್ ಜೋಡಿಸಿ ಪುಟ್ಟ ವಿಮಾನ ಮಾಡೋನು, ಕಿಟ್‌ನ ಕೆಲವು ಪಾರ್ಟ್ ಬದಲಿಗೆ ರೆಸಿನ್ ಅಂದ್ರೆ ಅಚ್ಚಿಗೆ ಹುಯ್ದು ಗಟ್ಟಿ ಮಾಡಿದ ರಾಳದ ಪಾರ್ಟ್ ಬೇರೆ ತರಿಸಿ ಹಾಕ್ತೀನಿ. ಮೊದಲನೇ ಸಲ ಪಾರ್ಸೆಲ್ ಬಂದಾಗ ನಮ್ಮವ್ವ ಸುಖೋಯ್-30ರ ರೆಸಿನ್ ಸೀಟನ್ನ ಅಂಗೈ ಮೇಲೆ ಇಟ್ಕೊಂಡು "ಏನೋ ಇದು, ಹುಣಸೆ ಬೀಜದಷ್ಟೈತಿ, ಇದಕ್ಕೆ ಎಂಟ್ನೂರು ರೂಪಾಯಿ ಕೊಟ್ಟೆಯಾ" ಅಂದ್ಲು. ಎರಡು ಸೀಟು ಅದಾವೆ ಅಂದೆ. ಅದಕ್ಕೂ ಬೈದ್ಲು.

ಆದ್ರೆ ಆ ಸೀಟು ನೋಡಿದ ಮೇಲೆ ಕಿಟ್ ಜೊತೆ ಬಂದಿದ್ದನ್ನ ಹಾಕೋಕೆ ಮನಸ್ಸೇ ಬರ್ಲಿಲ್ಲ ನೋಡ್ರಿ. ಕಿಟ್ ಪ್ಲಾಸ್ಟಿಕ್ ಸ್ಟೀಲ್ ಅಚ್ಚಲ್ಲಿ ಆಗೋದು, ಅಚ್ಚು ನೇರಕ್ಕೆ ಬಿಚ್ಕೋಬೇಕು, ಹಂಗಾಗಿ ಬೆಲ್ಟ್ ಕೆಳಗಿನ ಸಂದು, ಕುಶನ್ ಮಡಿಕೆ ಎಲ್ಲ ಬರೋದೇ ಇಲ್ಲ, ರೆಸಿನ್ ಆದ್ರೆ ಸಿಲಿಕೋನ್ ಅಚ್ಚಿಗೆ ಹುಯ್ಯೋದು, ಅಚ್ಚು ರಬ್ಬರ್ ಥರ ಬಗ್ಗುತ್ತೆ, ಅದಕ್ಕೇ ಅಷ್ಟು ಡೀಟೇಲ್. ಒಂದು ಸಲ ಯಲಹಂಕದಲ್ಲಿ ಏರೋ ಇಂಡಿಯಾಗೆ ಹೋಗಿ ನಿಜವಾದ ಸುಖೋಯ್ ನಾಜಲ್ (ಎಂಜಿನ್ ಹಿಂದೆ ಬೆಂಕಿ ಉಗುಳೋ ಬಾಯಿ) ನೋಡ್ದೆ, ಆ ರೇಕುಗಳ ಅಂಚು ಎಷ್ಟು ತೆಳ್ಳಗೆ ಅಂದ್ರೆ, ಮನೆಗೆ ಬಂದು ಕಿಟ್ ನಾಜಲ್ ನೋಡಿದ್ರೆ ರೊಟ್ಟಿ ಅಂಚು ಕಂಡಂಗಾತು. ರೆಸಿನ್ ನಾಜಲ್ ಒಂದೇ ಪೀಸು, ಮಧ್ಯೆ ಜಾಯಿಂಟ್ ಗೆರೆ ಉಜ್ಜೋ ರಗಳೆ ಇಲ್ಲ. ಚಕ್ರದ್ದೂ ಅಷ್ಟೇ, ಅದರಲ್ಲೂ ಭಾರಕ್ಕೆ ಟಯರ್ ಕೆಳಗೆ ಸ್ವಲ್ಪ ಉಬ್ಬಿರುತ್ತಲ್ಲ, ಅದು ಸೂಪರ್.

ಈಗ ಕಷ್ಟದ ಕಥೆ. ಮೊದಲು ಬಂದ ಪಾರ್ಟ್ಸ್‌ನ ತೊಳೀದೆ ಪೇಂಟ್ ಹೊಡ್ದೆ. ಅಚ್ಚಿಂದ ಬಿಡಿಸೋಕೆ ಹಚ್ಚಿರೋ ಜಿಡ್ಡು ಅದರ ಮೇಲೆ ಹಂಗೇ ಇರುತ್ತೆ, ಬೆಣ್ಣೆದೋಸೆ ತಿಂದ ಕೈಯಲ್ಲಿ ಮುಟ್ಟಿದಂಗೆ. ಮಾಸ್ಕಿಂಗ್ ಟೇಪ್ ಕಿತ್ರೆ ಪೇಂಟೂ ಜೊತೆಗೇ ಎದ್ದು ಬಂತು. ಈಗ ವಿಮ್ ಹಾಕಿ ಹಳೇ ಬ್ರಶ್ಶಲ್ಲಿ ತಿಕ್ಕಿ ಒಂದು ರಾತ್ರಿ ಒಣಗಿಸ್ತೀನಿ. ರೆಸಿನ್ ಹುಯ್ದಾಗ ಪಾರ್ಟ್ ಕೆಳಗೆ ಉಳಿಯೋ ದಪ್ಪ ಬ್ಲಾಕ್ ಕೊಯ್ಯುವಾಗ ಬ್ಲಾಕನ್ನೇ ಹಿಡ್ಕೊಳ್ರಿ, ಪಾರ್ಟ್ ಹಿಡಿದ್ರೆ ಸಿಡಿದು ಹೋಗುತ್ತೆ, ನಂದೊಂದು ಹಂಗೇ ಮಂಚದ ಕೆಳಗೆ ಹೋಗಿದ್ದು ಇವತ್ತಿಗೂ ಸಿಕ್ಕಿಲ್ಲ. ಧೂಳು ಒಳಗೆ ಹೋದ್ರೆ ಶ್ವಾಸಕೋಶಕ್ಕೆ ಒಳ್ಳೇದಲ್ಲ, ತಟ್ಟೇಲಿ ನೀರಿಟ್ಟು ನೆನೆಸಿ ಉಜ್ಜಿ, ಮಾಸ್ಕ್ ಹಾಕ್ಕೊಂಡು. ಮಾಮೂಲಿ ಪ್ಲಾಸ್ಟಿಕ್ ಸಿಮೆಂಟ್ ಇದಕ್ಕೆ ಹಿಡಿಯಲ್ಲ, ಅದು ಪ್ಲಾಸ್ಟಿಕ್ ಕರಗಿಸಿ ಅಂಟಿಸೋದು, ರೆಸಿನ್ ಕರಗಲ್ಲ, ಫೆವಿಕ್ವಿಕ್ಕೇ ಬೇಕು. ಆದ್ರೆ ಫೆವಿಕ್ವಿಕ್ ಹಾಕಿದ ಕೂಡ್ಲೇ ಕ್ಯಾನೊಪಿ (ಪೈಲಟ್ ಮೇಲಿನ ಗಾಜಿನ ಮುಚ್ಚಳ) ಮುಚ್ಚಬೇಡ್ರಿ, ಅದರ ಆವಿಗೆ ಗಾಜು ಒಳಗಡೆಯಿಂದ ಬೆಳ್ಳಗಾಗುತ್ತೆ, ಒರೆಸೋಕೂ ಬರಲ್ಲ.

ಟಬ್, ಅಂದ್ರೆ ಪೈಲಟ್ ಕೂರೋ ಕಾಕ್‌ಪಿಟ್ಟಿನ ತೊಟ್ಟಿ, ಅದರ ವಿಷಯಕ್ಕೆ ಬರ್ತೀನಿ. ಎಡುವಾರ್ಡ್‌ನವರ 1/48 (ನಿಜವಾದದ್ದರ ನಲವತ್ತೆಂಟನೇ ಒಂದು ಅಳತೆ) ಮಿಗ್-21 ಕಿಟ್‌ಗೆ ಅಂತ ಬೇರೆ ಒಂದು ಕಂಪನಿ ಕಾಕ್‌ಪಿಟ್ ಟಬ್ ತರಿಸಿದ್ದೆ. ಡಬ್ಬಿ ಮೇಲೆ ಇದೇ ಕಿಟ್‌ಗೆ ಅಂತ ಬರೆದಿತ್ತು. ಕೂರಲಿಲ್ಲ. ಟಬ್ ಉಜ್ಜಿದೆ, ಆಮೇಲೆ ವಿಮಾನದ ಗೋಡೆ ಒಳಗಡೆಯಿಂದ ಉಜ್ಜಿದೆ, ಲೈಟಿಗೆ ಹಿಡಿದ್ರೆ ಪ್ಲಾಸ್ಟಿಕ್ ಆಚೆ ನನ್ನ ಬೆರಳಿನ ನೆರಳು ಕಾಣ್ಸೋವರೆಗೂ ಉಜ್ಜಿದೆ, ಆದ್ರೂ ಎರಡು ಹೋಳು ಕೂಡಲ್ಲ, ಇನ್ನೊಂಚೂರು ಅಂತ ಪಾಲಿಶ್ ಪೇಪರ್ ಎಳೆದೆ ನೋಡಿ, ಎಡಗಡೆ ತೂತು. ಮೂರು ಭಾನುವಾರ ಮಣ್ಣುಪಾಲು. ಆ ತೂತು ಪುಟ್ಟಿ ತುಂಬಿ ಮುಚ್ಚಿ, ಗೆರೆಗಳನ್ನ ಸೂಜೀಲಿ ಮತ್ತೆ ಕೊರೆದೆ. ಅದಕ್ಕಿಂತ ಬೇಜಾರಂದ್ರೆ ಕಿಟ್‌ನ ಸ್ವಂತ ಕಾಕ್‌ಪಿಟ್ಟೇ ಚೆನ್ನಾಗಿತ್ತು, ಆ ರಷ್ಯನ್ ಹಸಿರು-ನೀಲಿ ಬಣ್ಣ ಹೊಡೆದು ಕ್ಯಾನೊಪಿ ಮುಚ್ಚಿದ್ರೆ ಯಾರಿಗೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ. ಸಿಟ್ಟಿಗೆ ಅದನ್ನೇ ಹಾಕಿ ಮುಗಿಸಿದೆ, ಕಾಕ್‌ಪಿಟ್ ಒಳಗೆ ಸೀಟು ಮಾತ್ರ ರೆಸಿನ್.

ಇನ್ನೊಂದು, ರೆಸಿನ್ ನಾಜಲ್ ಹಾಕಿದ್ರೆ ಹಿಂದೆ ಭಾರ ಆಗಿ ವಿಮಾನ ಬಾಲದ ಮೇಲೆ ಕೂರುತ್ತೆ. ಮಿಗ್-21 ಮೂತಿ ಕೋನಿನ ಒಳಗೆ ಸೈಕಲ್ ಅಂಗಡಿಯಿಂದ ತಂದ ಬೇರಿಂಗ್ ಗುಂಡು ತುಂಬಿದೆ, ಈಗ ನೆಟ್ಟಗೆ ನಿಂತೈತಿ. ಲ್ಯಾಂಡಿಂಗ್ ಗೇರ್ ಕಾಲು ಮಾತ್ರ ರೆಸಿನ್ ತಗೋಬೇಡ್ರಿ. ದಾವಣಗೆರೆ ಏಪ್ರಿಲ್ ಬಿಸಿಲು ಗೊತ್ತಲ್ಲ, ನನ್ನ ಮಿರಾಜ್ ಶೆಲ್ಫ್ ಮೇಲೆ ನಿಂತಲ್ಲೇ ನಿಧಾನಕ್ಕೆ ಕಾಲು ಅಗಲಿಸ್ಕೊಂಡು ಕೂತ್ಬಿಡ್ತು. ಮೆಟಲ್ ಕಾಲು ಸಿಗ್ತಾವೆ, ಅವೇ ಸರಿ. ಸೊಟ್ಟಗಾದ ಸಣ್ಣಪುಟ್ಟ ಪಾರ್ಟ್ ಆದ್ರೆ ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿದ್ರೆ ಆತು.

ಈಗ 3ಡಿ ಪ್ರಿಂಟ್ ಪಾರ್ಟ್ಸ್ ಬಂದಾವೆ, ದಪ್ಪ ಬ್ಲಾಕ್ ಇಲ್ಲ, ಗಾಳಿಗುಳ್ಳೆ ಇಲ್ಲ, ಆದ್ರೆ ಪಾರ್ಟ್ ಹಿಡಿದಿರೋ ಸಣ್ಣ ಕಡ್ಡಿ ಕತ್ತರಿಸುವಾಗ ಪಟ್ ಅಂತ ಮುರೀತಾವೆ.

ಕಸ್ಟಮ್ಸ್ ಬಗ್ಗೆ ಮಾತಾಡೋದೇ ಬೇಡ. ಆಟಿಕೆ ಮೇಲಿನ ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟ್ ಆತು, 2023ರಲ್ಲಿ 70. ಅದಕ್ಕೇ ನಾವು ಮೂವರು ಸೇರಿ ಒಂದೇ ಆರ್ಡರ್ ಹಾಕ್ತೀವಿ, ಪೋಸ್ಟ್ ಖರ್ಚಾದ್ರೂ ಹಂಚ್ಕೋಬಹುದು.

2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21ಗೆ ವಿದಾಯ ಹೇಳಿದ್ರಲ್ಲ, ಅವತ್ತು ರಾತ್ರಿ ಶೆಲ್ಫಿಂದ ನಂದನ್ನ ಕೆಳಗಿಳಿಸಿ ಧೂಳು ಒರೆಸಿದೆ. ಪುಟ್ಟಿ ತುಂಬಿದ ಜಾಗ ಓರೆಯಾಗಿ ಲೈಟ್ ಬಿದ್ರೆ ಈಗಲೂ ಕಾಣುತ್ತೆ. ಮುಂದಿನದು ಜಾಗ್ವಾರ್, ಮಾರ್ಟಿನ್ ಬೇಕರ್ ಸೀಟು, ಚಕ್ರ ಎರಡೂ ಆರ್ಡರ್ ಹಾಕೀನಿ. ಟಬ್ ಹಾಕಿಲ್ಲ.